ನೆರೆಹೊರೆಯ ಏಳಿಗೆಯನ್ನು ನೆರೆಹೊರೆಯವರೊಡನೆ ವಿಚಾರಿಸುವ ಕ್ರಮ

ಒಂದು ಊರು ಏಳಿಗೆ ಹೊಂದುತ್ತದೋ ಕುಗ್ಗುತ್ತದೋ ಎಂಬದನ್ನು ತಿಳಿಯಬೇಕಾದರೆ ಯಾರನ್ನು ಕೇಳತಕ್ಕದ್ದು? ವರಮಾನವನ್ನು ಬರೆದುಕೊಂಡು ಹೋಗುವವರು ಬಹು ಮಂದಿ ಉಂಟು. ಆದರೆ ಆ ಲೆಕ್ಕವೊಂದೇ ಸಾಲದೆಂಬದಕ್ಕೆ ರಾಜಸ್ಥಾನದ ಎರಡು ಹಳ್ಳಿಗಳ ವೃತ್ತಾಂತವು ಸಾಕ್ಷಿಯಾಗಿದೆ.

ಎನ್. ಎಸ್. ಜೋಧಾ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿಯ ಮನೆಗಳನ್ನು 1963-66ರಲ್ಲಿ ಒಮ್ಮೆಯೂ 1982-84ರಲ್ಲಿ ಮತ್ತೊಮ್ಮೆಯೂ ವಿಚಾರಿಸಿದರು. 36 ಮನೆಗಳವರ ತಲಾ ವರಮಾನವು ನೂರಕ್ಕೆ 5ಕ್ಕಿಂತ ಹೆಚ್ಚಾಗಿ ಇಳಿದಿತ್ತು. ಇವರು ಮುಂಚಿಗಿಂತ ಬಡವರಾದರೆಂದು ಬರೆದು ಪುಸ್ತಕವನ್ನು ಮುಚ್ಚಬಹುದಾಗಿತ್ತು. ಅವರಾದರೋ ಹಾಗೆ ಮಾಡದೆ, ಊರವರು ತಮ್ಮ ಸ್ಥಿತಿಯನ್ನು ಯಾವ ಗುರುತುಗಳಿಂದ ಅಳೆಯುತ್ತಾರೆಂದು ಅವರಿಂದಲೇ ಕೇಳಿ ತಿಳಿದರು. ಹಾಗೆ ದೊರೆತ ಗುರುತುಗಳು 38. ಅವುಗಳಲ್ಲಿ 37ರ ಪ್ರಕಾರ ಅದೇ ಮನೆಗಳವರು ಸರಾಸರಿಯಾಗಿ ಮೊದಲಿಗಿಂತ ಉತ್ತಮವಾದ ಸ್ಥಿತಿಯಲ್ಲಿದ್ದರು!

ಆ ಗುರುತುಗಳು ಎಂಥವು? ಮನೆಯವನೊಬ್ಬನು ಧಣಿಯ ಬಳಿಯಲ್ಲಿ ಕಟ್ಟಾಳಾಗಿರುವನೋ. ವಾಸವು ಧಣಿಯ ನೆಲದಲ್ಲಿಯೋ. ಬಿತ್ತುವ ಬೀಜಕ್ಕೆ ಅವನ ಮುಂದೆ ಕೈಯೊಡ್ಡಬೇಕೋ. ಬೆಳೆಯನ್ನು ಅವನ ಮುಖಾಂತರವೇ ಮಾರಬೇಕೋ. ಅಭಾವದ ದಿನಗಳಲ್ಲಿ ದೊಡ್ಡವರು ಮೂರನೆಯ ಊಟವನ್ನು ಬಿಡುವರೋ. ಹೆಂಗಸರೂ ಮಕ್ಕಳೂ ಕಾಲಿಗೆ ಜೋಡು ಮೆಟ್ಟುವರೋ. ದನಗಳಿಗೆ ಬೇರೆ ಸ್ಥಳವಿದೆಯೋ. ಒಬ್ಬನ ಅಂಗಳದಿಂದ ಬಿಡುಗಡೆಯಾಗುವದು ಎಷ್ಟು ದೊಡ್ಡ ಸಂಗತಿಯೆಂಬದನ್ನು ಯಾವ ವರಮಾನದ ಪಟ್ಟಿಯು ತೋರಿಸೀತು? ಇದನ್ನು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕರ್ನಾಟಕದಲ್ಲಿಯೂ ಬೆಂಗಳೂರಿನ ಮೈರಾಡ ಸಂಸ್ಥೆಯವರು 1989ರಿಂದ ಇಂಥ ಕ್ರಮಗಳನ್ನು ನಡಿಸುತ್ತಾ ಬಂದರು. ಊರವರು ನೆಲದ ಮೇಲೆ ರಂಗೋಲಿ ಪುಡಿಯಿಂದ ತಮ್ಮ ಕೇರಿಗಳನ್ನೂ ಕೆರೆಯನ್ನೂ ಹೊಲಗಳನ್ನೂ ಬರೆಯುತ್ತಾರೆ. ಎಣಿಕೆಗೆ ಬೀಜಗಳನ್ನಿಡುತ್ತಾರೆ, ಆದ್ದರಿಂದ ಅಕ್ಷರ ಬಾರದವರು ಹಿಂದೆ ಕೂತುಕೊಳ್ಳಬೇಕಾದದ್ದಿಲ್ಲ. ಬಳಿಕ ಮನೆಗೊಂದರಂತೆ ಚೀಟಿ ಬರೆದು, ಗಟ್ಟಿಯಾಗಿ ಓದಿ, ಸ್ಥಿತಿಯ ಪ್ರಕಾರ ಗುಂಪುಗುಂಪಾಗಿ ಇಡಿಸುವರು. ಚೀಟಿಯು ಎಲ್ಲಿ ಬಿತ್ತೆಂಬದಕ್ಕಿಂತಲೂ ಏಕೆ ಅಲ್ಲಿ ಬಿತ್ತೆಂಬ ಮಾತೇ ಹೆಚ್ಚು ಬೆಲೆಯುಳ್ಳದ್ದು. ಎರಡು ಮನೆಗಳಿಗೆ ಸಮನಾದ ಭೂಮಿ ಇರಬಹುದು. ಆದರೂ ಒಂದರಲ್ಲಿ ದುಡಿಯುವವನು ಹಾಸಿಗೆ ಹಿಡಿದಿದ್ದರೆ ನೆರೆಯವರು ಅದನ್ನು ಕೆಳಗಿನ ಗುಂಪಿನಲ್ಲಿಡುವರು.

ಈ ಕ್ರಮದಲ್ಲಿ ಅಪಾಯವೂ ಉಂಟು. ಸಭೆ ಕೂಡಿಸಿದ ಕೂಡಲೆ ಗೌಡರೂ ಶಾನುಭೋಗರ ಮನೆಯವರೂ ಮುಂದೆ ಕೂರುವರು. ಕೂಲಿಯವರೂ ಸ್ತ್ರೀಯರೂ ಗೋಡೆಯ ಹಿಂದೆ ನಿಲ್ಲುವರು. ಆಗ ಬರುವ ಉತ್ತರವು ಊರಿನದಲ್ಲ, ಚಾವಡಿಯದು. ಸಹಾಯ ಬರುವದೆಂದು ಕೇಳಿದರೆ ಉಳ್ಳವರೂ ಬಡವರಾಗುವದುಂಟು! ಆದಕಾರಣ ಬೇರೆ ಬೇರೆ ಕೇರಿಯವರನ್ನು, ಸ್ತ್ರೀಯರನ್ನು ಪ್ರತ್ಯೇಕವಾಗಿಯೂ, ಕೇಳಿ ಹೇಳಿಕೆಗಳನ್ನು ಹೋಲಿಸಬೇಕು. ಹೇಳಿಕೆಗಳು ಕೂಡಿಬಾರದಿದ್ದಲ್ಲಿ ಒಂದನ್ನು ಹೊಡೆದುಹಾಕದೆ, ಏಕೆ ಕೂಡಲಿಲ್ಲವೆಂದು ಮತ್ತೆ ವಿಚಾರಿಸತಕ್ಕದ್ದು.

ಇದು ಹಳ್ಳಿಗೆ ಮಾತ್ರ ಸಲ್ಲುವ ಕ್ರಮವೆಂದು ಯಾರೂ ಎಣಿಸಬಾರದು. ಲಂಡನ್ ಪಟ್ಟಣದ ಪೂರ್ವಭಾಗದಲ್ಲಿ, 2012ರ ಒಲಿಂಪಿಕ್ ಪಂದ್ಯಗಳು ನಡೆದ ಸ್ಥಳದ ಸುತ್ತಲಿನ ನಿವಾಸಿಗಳನ್ನು ಯೂನಿವರ್ಸಿಟಿ ಕಾಲೇಜಿನವರು 2015ರಲ್ಲಿ ಆರಿಸಿ ವಿಚಾರಣೆಯ ಕೆಲಸಕ್ಕೆ ತರಬೇತು ಮಾಡಿದರು. ಅವರು ತಮ್ಮ ನೆರೆಯವರನ್ನು ಕೇಳಿದಾಗ ಏಳಿಗೆಯ ಬುಡವಾಗಿ ಕಂಡುಬಂದದ್ದು ಐಶ್ವರ್ಯವಲ್ಲ; ನೆಚ್ಚತಕ್ಕ ಸಂಪಾದನೆ, ಒಳ್ಳೇ ಕೆಲಸ, ಕೈಗೆಟುಕುವ ಬಾಡಿಗೆಯ ಭದ್ರವಾದ ಮನೆ, ಇವೇ.

ಕಡೆಗೆ ಒಂದು ಮಾತು. ನೆಲದ ಮೇಲಿನ ರಂಗೋಲಿಯು ಸಂಜೆಯೊಳಗೆ ಅಳಿದುಹೋಗುವದು. ಅದನ್ನು ಕಾಗದಕ್ಕೆ ಇಳಿಸುವಾಗ ಎರಡು ಪ್ರತಿಗಳನ್ನು ಮಾಡಬೇಕು. ವಿಚಾರಿಸಲು ಬಂದವರು ಒಂದನ್ನು ಒಯ್ಯಲಿ, ಮತ್ತೊಂದು ಊರಿನಲ್ಲಿಯೇ ಇರಲಿ.