320 ಎಂದು ಬರೆದಿದ್ದರೂ ಹಾಡು ಯಾಕೆ ಮಂಕು?

ಪ್ರಶ್ನೆ: ಹಳೆಯ ಚಿತ್ರಗೀತೆಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕೂವರೆ ನಿಮಿಷದ ಒಂದೇ ಹಾಡಿಗೆ ಎರಡು ಫೈಲುಗಳಿವೆ. ಒಂದು 4.3 ಎಂಬಿ, ಇನ್ನೊಂದು 10.8 ಎಂಬಿ. ದೊಡ್ಡದರಲ್ಲಿ 320 ಕೆಬಿಪಿಎಸ್ ಎಂದಿದೆ, ಆದರೆ ಕೇಳಿದರೆ ಚಿಕ್ಕದೇ ವಾಸಿ. ದೊಡ್ಡದರಲ್ಲಿ ತಾಳದ ಸದ್ದು ಕಲಸಿಹೋಗಿದೆ. ಇದು ನನ್ನ ಕಿವಿಯ ದೋಷವೇ? ಚಿಕ್ಕ ಫೈಲನ್ನು ಕನ್ವರ್ಟರಿಗೆ ಹಾಕಿ 320 ಮಾಡಿಕೊಳ್ಳಬಹುದೆ? ಅಪ್ಪನ ಕಾಲದ ಕ್ಯಾಸೆಟ್ಟುಗಳೂ ಇವೆ, ಅವನ್ನು ಯಾವುದರಲ್ಲಿ ಉಳಿಸಲಿ?

ಉತ್ತರ: ಕಿವಿಯನ್ನೇ ನಂಬಿ. ಫೈಲನ್ನು ಕಡೆಯ ಸಲ ಯಾವ ಅಳತೆಗೆ ಕುಗ್ಗಿಸಿದರು ಎಂಬುದನ್ನಷ್ಟೇ ಆ 320 ಹೇಳುತ್ತದೆ. ಅದಕ್ಕೆ ಮುಂಚೆ ಆ ಹಾಡು ಯಾರ್ಯಾರ ಕೈ ದಾಟಿ ಬಂತು, ಎಷ್ಟು ಸಲ ಕುಗ್ಗಿತು ಎಂಬುದಕ್ಕೆ ಅದರಲ್ಲಿ ದಾಖಲೆಯಿಲ್ಲ.

ಮೊದಲು ಲೆಕ್ಕ ನೋಡೋಣ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಗೂ 16 ಬಿಟ್‌ನಂತೆ, ಎಡಕ್ಕೊಂದು ಬಲಕ್ಕೊಂದು ಬರೆದಿಟ್ಟಿರುತ್ತಾರೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ನಿಮ್ಮ ಹಾಡು ಈ ಲೆಕ್ಕದಲ್ಲಿ 47 ಎಂಬಿ ದಾಟುತ್ತದೆ. ನಿಮ್ಮ ಚಿಕ್ಕ ಫೈಲು 128 ಕೆಬಿಪಿಎಸ್‌ದು, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಉಳಿದ ಹತ್ತು ಪಾಲು ಎಸೆದರೂ ಅದು ಹಾಡಾಗಿಯೇ ಕೇಳುತ್ತದಲ್ಲ, ಎಂಪಿ3 ಮಾಡಿದವರ ಜಾಣತನ ಇರುವುದು ಅಲ್ಲಿ.

ನಮ್ಮ ಕಿವಿಗೆ ಒಂದು ದೌರ್ಬಲ್ಯವಿದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಹಾಡಿನೊಳಗೂ ಇದೇ ನಡೆಯುತ್ತದೆ: ಒಂದು ಸದ್ದು ಜೋರಾಗಿದ್ದಾಗ ಅದರ ಆಸುಪಾಸಿನ ಕಂಪನಾಂಕದ ಮೆಲುಸದ್ದುಗಳು ಮುಚ್ಚಿಹೋಗುತ್ತವೆ. ಹೇಗೂ ಕೇಳಿಸದ್ದನ್ನು ಅಷ್ಟು ನಿಖರವಾಗಿ ಬರೆದಿಡುವುದೇಕೆ? ಜರ್ಮನಿಯ ಎರ್ಲಾಂಗನ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಈ ಎಳೆಯನ್ನೇ ಹಿಡಿದರು. ಅವರಲ್ಲಿ ಮುಖ್ಯರು ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್. ಅವರು ಪರೀಕ್ಷೆಗೆ ಬಳಸಿದ್ದು ಸುಝಾನ್ ವೇಗಾ ಎಂಬ ಅಮೆರಿಕದ ಗಾಯಕಿ ಪಕ್ಕವಾದ್ಯವೇ ಇಲ್ಲದೆ ಹಾಡಿದ ‘ಟಾಮ್ಸ್ ಡೈನರ್’. ಮೊದಮೊದಲು ಆ ದನಿ ಒಡೆದು ಹಾಳಾಗಿ ಕೇಳುತ್ತಿತ್ತಂತೆ. ಕಾರಣ ಸರಳ. ಐವತ್ತು ವಾದ್ಯಗಳ ಅಬ್ಬರದಲ್ಲಿ ಯಂತ್ರದ ತಪ್ಪು ಮುಚ್ಚಿಹೋಗುತ್ತದೆ; ಒಂಟಿ ದನಿಯಲ್ಲಿ ಅದಕ್ಕೆ ಅಡಗಲು ಜಾಗವೇ ಇಲ್ಲ. ಹಾಗಾಗಿ ಇಳಿಸಿಕೊಂಡ ಫೈಲಿನ ಗುಣ ನೋಡಬೇಕಾದರೆ ಡಿಸ್ಕೊ ಹಾಡು ಹಾಕಬೇಡಿ, ತಂಬೂರಿಯ ಜೊತೆಗಿನ ಆಲಾಪನೆ ಹಾಕಿ. ದನಿ ನಿಂತ ಕ್ಷಣ ತಂಬೂರಿಯ ಝೇಂಕಾರ ಒಂದೇ ಸಮನೆ ಮುಂದುವರಿಯುತ್ತದೋ, ಗುಳುಗುಳು ಅಲುಗುತ್ತದೋ ನೋಡಿ.

ತಾಳದ ಸದ್ದಿನ ಕಥೆ ಬೇರೆ, ನನಗೆ ಸ್ವಾರಸ್ಯ ಅನ್ನಿಸುವುದೂ ಅದೇ. ಎಂಪಿ3 ಹಾಡನ್ನು ಸಣ್ಣಸಣ್ಣ ತುಂಡು ಮಾಡಿಕೊಂಡು ಕೆಲಸ ಮಾಡುತ್ತದೆ. ಒಂದು ತುಂಡಿನಲ್ಲಿ 1,152 ಅಳತೆಗಳು, ಅಂದರೆ ಸುಮಾರು 26 ಮಿಲಿಸೆಕೆಂಡು. ಕುಗ್ಗಿಸುವಾಗ ಆಗುವ ತಪ್ಪು ಒಂದು ರೀತಿಯ ಸಣ್ಣ ಗೊರಗೊರ. ಅದು ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ವೀಣೆಯ ಮೀಟು ಎಳೆದು ನಿಲ್ಲುವ ಕಡೆ ಇದರಿಂದ ತೊಂದರೆಯಿಲ್ಲ. ಆದರೆ ಘಟದ ಪೆಟ್ಟೋ ಕೈತಾಳದ ‘ಠಣ್’ ಎನ್ನುವ ಸದ್ದೋ ತುಂಡಿನ ನಡುವೆ ಬಂತೆನ್ನಿ. ಗೊರಗೊರ ಪೆಟ್ಟಿನ ಹಿಂದೆಯೂ ಇರುತ್ತದೆ, ಮುಂದೆಯೂ ಇರುತ್ತದೆ. ಪೆಟ್ಟಾದ ಮೇಲಿನದ್ದನ್ನು ಆ ಪೆಟ್ಟೇ ಮುಚ್ಚಿಹಾಕುತ್ತದೆ. ಪೆಟ್ಟಿಗೆ ಮುಂಚಿನದ್ದು ಮಾತ್ರ ಬಯಲಾಗುತ್ತದೆ. ಬಾರಿಸುವ ಮೊದಲೇ ‘ಸ್’ ಎಂದು ಸುಳಿದು ಆಮೇಲೆ ‘ಠಣ್’ ಬಂದರೆ ಪೆಟ್ಟಿನ ಮೊನಚೇ ಹೋಗಿಬಿಡುತ್ತದೆ. ಪೆಟ್ಟು ಬರುವುದನ್ನು ಮೊದಲೇ ಗುರುತಿಸಿ ತುಂಡನ್ನು ಇನ್ನೂ ಚಿಕ್ಕದು ಮಾಡಿಕೊಳ್ಳುವ ಉಪಾಯ ಎಂಪಿ3ಯಲ್ಲಿ ಇದೆ, ಆದರೆ ಬಿಟ್‌ಗಳು ಸಾಲದಿದ್ದಾಗ ಅದೂ ಕೈಕೊಡುತ್ತದೆ. ನಿಮಗೆ ಕಲಸಿದಂತೆ ಕೇಳಿದ್ದು ಬಹುಮಟ್ಟಿಗೆ ಇದೇ.

ಹಾಗಾದರೆ 320ರಲ್ಲಿ ಬಿಟ್‌ಗಳು ಧಾರಾಳವಾಗಿದ್ದವಲ್ಲ? ಆ ಫೈಲು ಸಿಡಿಯಿಂದ ನೇರವಾಗಿ ಹುಟ್ಟಿದ್ದರೆ ಇಂಥ ದೋಷ ಕೇಳಿಸುತ್ತಿರಲಿಲ್ಲ. ಸಿಡಿಗೂ ನೇರವಾಗಿ ಮಾಡಿದ ಒಳ್ಳೆಯ 320ಕ್ಕೂ ವ್ಯತ್ಯಾಸ ಗುರುತಿಸಬಲ್ಲವರು ಬಹಳ ಕಡಿಮೆ. ಯಾರೋ 128ರದ್ದನ್ನೋ, ವಿಡಿಯೊದಿಂದ ಕಿತ್ತುಕೊಂಡ ಧ್ವನಿಯನ್ನೋ ತಂದು 320ಕ್ಕೆ ಏರಿಸಿರಬೇಕು. ಮಸುಕಾದ ಜೆರಾಕ್ಸನ್ನು ಬಾಂಡ್ ಪೇಪರಿನ ಮೇಲೆ ಮತ್ತೆ ಜೆರಾಕ್ಸ್ ತೆಗೆದ ಹಾಗೆ: ಕಾಗದ ದುಬಾರಿ, ಅಕ್ಷರ ಇನ್ನಷ್ಟು ಮಸುಕು. ಬಿಟ್ಟಿ ಹಾಡಿನ ತಾಣಗಳಲ್ಲಿ ಇಂಥ ಸರಕು ಧಾರಾಳ, 320 ಎಂಬ ಅಂಕಿ ಗಿರಾಕಿಯನ್ನು ಸೆಳೆಯುತ್ತದಲ್ಲ. ಕನ್ವರ್ಟರಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ದಯವಿಟ್ಟು ಹಾಕಬೇಡಿ. ಕಳೆದದ್ದು ಬರುವುದಿಲ್ಲ, ಮತ್ತೊಂದು ಸುತ್ತಿನ ತಪ್ಪು ಮಾತ್ರ ಸೇರುತ್ತದೆ. ಆ ದೊಡ್ಡ ಫೈಲನ್ನು ಅಳಿಸಿ ಚಿಕ್ಕದನ್ನು ಇದ್ದಂತೆಯೇ ಇಟ್ಟುಕೊಳ್ಳಿ.

ಅನುಮಾನ ಪರಿಹರಿಸಿಕೊಳ್ಳಬೇಕೆಂದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ಸ್ಪೆಕ್ಟ್ರೋಗ್ರಾಂ ನೋಟ ಆಯ್ದುಕೊಳ್ಳಿ. 128ಕ್ಕೆ ಕುಗ್ಗಿಸುವಾಗ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಆಸುಪಾಸಿನಿಂದ ಮೇಲಿನದ್ದನ್ನೆಲ್ಲ ಕತ್ತರಿಸಿಬಿಡುತ್ತಾರೆ. ಇತ್ತೀಚಿನ ಹಾಡಿನ 320 ಫೈಲಿನಲ್ಲಿ ಅಲ್ಲಿ ಗೆರೆ ಎಳೆದಂತೆ ಖಾಲಿ ಕಂಡರೆ ಅದು ಮೇಲೇರಿಸಿದ ಮಾಲು ಎನ್ನಲು ಅಡ್ಡಿಯಿಲ್ಲ. ಹಳೆಯ ಹಾಡಿನಲ್ಲಿ ಮಾತ್ರ ಎಚ್ಚರ: ಮೂಲ ಧ್ವನಿಮುದ್ರಣದಲ್ಲೇ ಅಷ್ಟು ಎತ್ತರದ ಕಂಪನಗಳು ಇಲ್ಲದಿರಬಹುದು. ಆಗ ಅಂಚು ನಿಧಾನವಾಗಿ ಕರಗುತ್ತದೆ, ಕತ್ತರಿಸಿದಂತೆ ಕಾಣುವುದಿಲ್ಲ. ಇನ್ನು ಕಿವಿಯ ಮಾತು. ಐವತ್ತು ದಾಟಿದ ಹೆಚ್ಚಿನವರಿಗೆ ಆ 16 ಕಿಲೋಹರ್ಟ್ಸ್ ಕೇಳಿಸುವುದೇ ಇಲ್ಲ, ಆದ್ದರಿಂದ ಕತ್ತರಿಸಿದ್ದಕ್ಕಾಗಿ ನಾನಂತೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಕಾಡುವುದು ಉಳಿದ ಭಾಗದ ಕಲಸು.

ಎರಡು ಫೈಲು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಚೂರು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಎಲ್ಲರಿಗೂ ಇರುವ ಭ್ರಮೆ. ಬ್ಲೂಟೂತ್ ಸ್ಪೀಕರಿನಲ್ಲಿ ಪರೀಕ್ಷೆ ಬೇಡ. ಫೋನಿನಿಂದ ಸ್ಪೀಕರಿಗೆ ಕಳಿಸುವಾಗ ಅದು ಧ್ವನಿಯನ್ನು ತನ್ನದೇ ರೀತಿಯಲ್ಲಿ ಇನ್ನೊಮ್ಮೆ ಕುಗ್ಗಿಸುತ್ತದೆ. ವೈರಿನ ಇಯರ್‌ಫೋನ್ ಸಾಕು.

ಅಪ್ಪನ ಕ್ಯಾಸೆಟ್ಟುಗಳನ್ನು ಫ್ಲ್ಯಾಕ್‌ನಲ್ಲಿ ಉಳಿಸಿ. ಇದು 2001ರಿಂದ ಇರುವ, ಯಾರ ಹಂಗೂ ಇಲ್ಲದ ವಿಧಾನ. ಏನನ್ನೂ ಎಸೆಯದೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಪಾಲಿಗೆ ಮಡಚಿಡುತ್ತದೆ, ಬಿಚ್ಚಿದರೆ ಮೂಲ ಬಿಟ್‌ಗಳು ಹಾಗೇ ಸಿಗುತ್ತವೆ. ಕ್ಯಾಸೆಟ್ಟಿನ ಫೈಲು ಕೊಂಚ ದಪ್ಪವಾಗಿಯೇ ಬರುತ್ತದೆ, ಗಾಬರಿಯಾಗಬೇಡಿ. ಟೇಪಿನ ‘ಹಿಸ್’ ಸದ್ದಿಗೆ ಗೊತ್ತುಗುರಿಯಿಲ್ಲ, ಕ್ರಮವಿಲ್ಲದ್ದನ್ನು ಮಡಚುವುದು ಕಷ್ಟ. ಅರವತ್ತರ ದಶಕದ ಚಿತ್ರಗೀತೆಗಳಾದರೆ ಮೂಲವೇ ಮೋನೊ. ಹಾಡು ಎರಡೂ ಕಡೆ ಒಂದೇ, ಹಿಸ್ ಮಾತ್ರ ಎಡಕ್ಕೊಂದು ಬಲಕ್ಕೊಂದು. ಅಂಥವನ್ನು ಫೋನಿಗಾಗಿ ಎಂಪಿ3 ಮಾಡುವಾಗ ಎರಡನ್ನೂ ಬೆರೆಸಿ ಮೋನೊ ಮಾಡಿದರೆ ಹಿಸ್ ತುಸು ತಗ್ಗುತ್ತದೆ, ಇರುವ ಬಿಟ್‌ಗಳೆಲ್ಲ ಹಾಡಿಗೇ ಸಿಗುತ್ತವೆ. ಆ ಎಂಪಿ3ಯನ್ನು ಯಾವಾಗಲೂ ಫ್ಲ್ಯಾಕ್‌ನಿಂದಲೇ ಹೊಸದಾಗಿ ಮಾಡಿಕೊಳ್ಳಿ, ಹಳೆಯ ಎಂಪಿ3ಯಿಂದಲ್ಲ.

ಇಷ್ಟೆಲ್ಲ ಶುರುಮಾಡುವ ಮುನ್ನ ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಅಲ್ಲಿ ಕಂದು ಕೊಳೆ ಕಟ್ಟಿದ್ದರೆ ಮೊನಚು ಸದ್ದುಗಳು ಅಲ್ಲೇ ಸೋರಿಹೋಗುತ್ತವೆ. ಆಮೇಲೆ ಫ್ಲ್ಯಾಕ್‌ನಲ್ಲಿಟ್ಟರೂ ಉಳಿಯುವುದು ಆ ಮಂಕು ಹಾಡೇ.