ಕಾರಿನ ತುರ್ತು ಪೆಟ್ಟಿಗೆ: ಗುಬ್ಬಿಯಲ್ಲಿ ಸೋತ ಪಾಠ, ಕುಣಿಗಲ್‌ನಲ್ಲಿ ತಿದ್ದಿದ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಒಂದೇ ವಿಷಯವನ್ನು ಎರಡು ಶಾಲೆಗಳಲ್ಲಿ ಬೋಧಿಸುವ ಅವಕಾಶ ನನಗೆ ದೊರೆಯಿತು. ವಿಷಯ ‘ಕಾರಿನಲ್ಲಿ ಇಟ್ಟುಕೊಳ್ಳಬೇಕಾದ ತುರ್ತು ಪೆಟ್ಟಿಗೆ’. ತರಗತಿ 9. ಮೊದಲ ಪಾಠ ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಡೆಯಿತು, ಎರಡನೆಯದು 12 ದಿನಗಳ ನಂತರ ಕುಣಿಗಲ್‌ನ ಒಂದು ಪ್ರೌಢಶಾಲೆಯಲ್ಲಿ. ಮೊದಲ ಪಾಠ ಯೋಜನೆಯ ಪ್ರಕಾರ ಒಂದು ಹೆಜ್ಜೆಯೂ ತಪ್ಪದೆ ನಡೆದು ವಿಫಲವಾಯಿತು. ಅದು ಹೇಗೆ, ಎರಡನೆಯದರಲ್ಲಿ ಏನನ್ನು ಬದಲಿಸಿದೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ವಿಷಯದ ಆಯ್ಕೆ

ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಮನೆಯ ಕಾರಣವಿದೆ. ಎರಡು ವರ್ಷಗಳ ಹಿಂದೆ ಕುಣಿಗಲ್‌ನಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಚಿಕ್ಕಪ್ಪನ ಕಾರಿನಲ್ಲಿ ತುಮಕೂರಿಗೆ ಹಿಂದಿರುಗುತ್ತಿದ್ದೆವು. ಹೆಬ್ಬೂರು ಇನ್ನೂ ಸ್ವಲ್ಪ ದೂರವಿರುವಾಗ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿ ಬದಲಿಸುವಾಗ ವೀಲ್ ಸ್ಪ್ಯಾನರ್ ಜಾರಿ, ಚಿಕ್ಕಪ್ಪನ ಅಂಗೈ ತಗಡಿನ ಅಂಚಿಗೆ ಬಡಿದು ಆಳವಾಗಿ ಕುಯ್ದುಕೊಂಡಿತು. ಕಾರು ಕೊಂಡಾಗ ಕೊಟ್ಟಿದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಡಿಕ್ಕಿಯಲ್ಲೇ ಇತ್ತು. ಆದರೆ ಅದರ ಮೇಲೆ ಎರಡು ಸೂಟ್‌ಕೇಸ್, ಒಂದು ಬುಟ್ಟಿ ತೆಂಗಿನಕಾಯಿ, ತಾಂಬೂಲದ ಚೀಲಗಳು. ಎಲ್ಲವನ್ನೂ ಇಳಿಸಿ ಪೆಟ್ಟಿಗೆ ತೆರೆದರೆ ಔಷಧದ ಬಾಟಲಿ ಒಣಗಿತ್ತು, ಅಂಟುಪಟ್ಟಿ ಅಂಟುತ್ತಿರಲಿಲ್ಲ. ಟಾರ್ಚಿನ ಸೆಲ್ ಸೋರಿ ತುಕ್ಕು ಹಿಡಿದಿತ್ತು. ಅಷ್ಟರಲ್ಲಿ ಅಮ್ಮ ಒಗೆದ ಟವೆಲ್ ಒಂದನ್ನು ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದುಕೊಂಡಾಗಿತ್ತು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಬಿದ್ದವು. ಕೈ ಉಳಿಸಿದ್ದು ಟವೆಲ್, ಪೆಟ್ಟಿಗೆಯಲ್ಲ. ಹಿಂದಿನಿಂದ ಬಂದ ಬೈಕೊಂದು ನಮ್ಮ ಕಾರನ್ನು ಕೊನೆಯ ಗಳಿಗೆಯಲ್ಲಿ ಕಂಡು ಪಕ್ಕಕ್ಕೆ ಸರಿದು ಹೋಯಿತು. ಪ್ರತಿಫಲಿಸುವ ತ್ರಿಕೋನವೂ ಡಿಕ್ಕಿಯಲ್ಲೇ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ, ಮಲಗಿತ್ತು.

ಮೊದಲ ಪಾಠ: ಗುಬ್ಬಿ

ಇಷ್ಟೆಲ್ಲ ಕಣ್ಣಾರೆ ಕಂಡಿದ್ದರೂ ನಾನು ಬರೆದ ಪಾಠಯೋಜನೆಯಲ್ಲಿ ಆ ರಾತ್ರಿಯ ಸುಳಿವೇ ಇರಲಿಲ್ಲ. 14 ವಸ್ತುಗಳ ಬಣ್ಣದ ಚಾರ್ಟ್ ತಯಾರಿಸಿದ್ದೆ. ತೊಡಗಿಸಿಕೊಳ್ಳುವಿಕೆಯ ಹಂತದಲ್ಲಿ ಚಿತ್ರ, ವಿವರಣೆಯ ಹಂತದಲ್ಲಿ ಪ್ರತಿ ವಸ್ತುವಿನ ಹೆಸರು ಮತ್ತು ಒಂದು ಸಾಲಿನ ಉಪಯೋಗ, ಮೌಲ್ಯಮಾಪನದಲ್ಲಿ ಹೊಂದಿಸಿ ಬರೆಯುವ ಪ್ರಶ್ನೆಗಳು. ಬಹುತೇಕ ಎಲ್ಲ ಮಕ್ಕಳೂ ಸರಿಯಾಗಿ ಹೊಂದಿಸಿದರು. ನನಗೆ ಸಂತೋಷವಾಯಿತು.

ಕೊನೆಯ ಐದು ನಿಮಿಷದಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಒಬ್ಬ ಹುಡುಗಿಯನ್ನು ಎಬ್ಬಿಸಿದರು. “ನಿಮ್ಮ ಮಾವನ ಕೈ ಕುಯ್ದು ರಕ್ತ ಸುರೀತಾ ಇದೆ ಕಣಮ್ಮ. ಪೆಟ್ಟಿಗೆ ನಿನ್ನ ಮುಂದೇನೇ ಇದೆ. ಏನು ಮಾಡ್ತೀಯ, ಮಾಡಿ ತೋರಿಸು” ಎಂದರು. ಅವಳು ಬಂದು ಪೆಟ್ಟಿಗೆ ತೆರೆದು ಔಷಧದ ಬಾಟಲಿ ತೆಗೆದಳು, ಹೆಸರು ಓದಿದಳು, ಕೆಳಗಿಟ್ಟಳು. ಹತ್ತಿ ತೆಗೆದಳು, ಕತ್ತರಿ ಹುಡುಕಿದಳು. ನಂತರ ನನ್ನ ಮುಖ ನೋಡಿದಳು. ಒತ್ತಿ ಹಿಡಿಯಬೇಕು ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಅದಾದ ಮೇಲೆ ಎರಡು ಪ್ರಶ್ನೆಗಳು ಬಂದವು. ಒಬ್ಬ ಹುಡುಗ, “ಮಿಸ್, ನಮ್ಮನೇಲಿ ಕಾರಿಲ್ಲ. ನಮ್ಮಪ್ಪ ಗೂಡ್ಸ್ ಆಟೋದಲ್ಲಿ ಕಾಯಿ ಹೊಡೀತಾರೆ. ಅದರಲ್ಲಿ ಡಿಕ್ಕೀನೇ ಇಲ್ಲ, ಪೆಟ್ಟಿಗೆ ಎಲ್ಲಿಡೋದು?” ಎಂದ. “ಯಾವ ಗಾಡಿಯಾದರೂ ಒಂದೇ” ಎಂದು ಕೂರಿಸಿದೆ. ಮತ್ತೊಬ್ಬಳು, “ರೋಡಲ್ಲಿ ಬೇರೆಯವರಿಗೆ ಆಗಿದ್ರೆ ಹತ್ತಿರ ಹೋಗಬಾರದಂತೆ ಮಿಸ್, ಪೊಲೀಸ್ ಕೇಸ್ ಆಗುತ್ತಂತೆ” ಎಂದಳು. ಗಂಟೆ ಹೊಡೆದದ್ದು ನನಗೆ ಅನುಕೂಲವಾಯಿತು.

ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ಬರೆದದ್ದು ಒಂದೇ ವಾಕ್ಯ: “ವಸ್ತುಗಳಿದ್ದವು, ಸಂದರ್ಭವಿರಲಿಲ್ಲ.”

ಮರುಯೋಜನೆ

ತುಮಕೂರಿಗೆ ಬಂದು ಚಾರ್ಟನ್ನು ಪಕ್ಕಕ್ಕಿಟ್ಟೆ. ‘ಪೆಟ್ಟಿಗೆಯಲ್ಲಿ ಏನೇನಿರಬೇಕು?’ ಎಂಬ ಪ್ರಶ್ನೆಯ ಬದಲು, ‘ಏನಾದರೆ ಏನು ಮಾಡುತ್ತೇವೆ, ಅದಕ್ಕೆ ಏನು ಬೇಕು, ಅದು ಎಷ್ಟು ಬೇಗ ಕೈಗೆ ಸಿಗಬೇಕು?’ ಎಂಬ ಕ್ರಮದಲ್ಲಿ ಯೋಜನೆ ಬರೆದೆ. 9ನೇ ತರಗತಿಯ ‘ಚಲನೆ’ ಪಾಠದೊಂದಿಗೂ ಅದನ್ನು ಜೋಡಿಸಿದೆ. ಮೂರು ಚಟುವಟಿಕೆಗಳನ್ನು ಇಟ್ಟುಕೊಂಡೆ.

ಎರಡನೆಯ ಪಾಠ: ಕುಣಿಗಲ್

ಚಟುವಟಿಕೆ 1: ಬಾಟಲಿಯ ರಂಧ್ರ. ಪ್ಲಾಸ್ಟಿಕ್ ಬಾಟಲಿಗೆ ಕುಂಕುಮ ಕದಡಿದ ನೀರು ತುಂಬಿ, ಬುಡದ ಹತ್ತಿರ ಮೊಳೆಯಿಂದ ರಂಧ್ರ ಮಾಡಿದೆ. ಮೊದಲ ಗುಂಪು ರಂಧ್ರದ ಮೇಲೆ ಹತ್ತಿಯನ್ನು ಸುಮ್ಮನೆ ಇಟ್ಟಿತು. ಹತ್ತಿ ಕೆಂಪಾಯಿತು, ನೀರು ಇಳಿಯುತ್ತಲೇ ಇತ್ತು. ಎರಡನೆಯ ಗುಂಪು ಬಟ್ಟೆಯನ್ನು ಮಡಿಸಿ ಅಂಗೈಯಿಂದ ಒತ್ತಿತು. ನೀರು ನಿಂತಿತು. “ಕೈ ತೆಗೆದು ನೋಡೋಣವೇ?” ಎಂದು ಕೇಳಿದೆ. ತೆಗೆದರು, ಮತ್ತೆ ಚಿಮ್ಮಿತು. ಬಾಟಲಿಯ ನೀರು ಹೆಪ್ಪುಗಟ್ಟುವುದಿಲ್ಲ, ನಮ್ಮ ರಕ್ತ ಹೆಪ್ಪುಗಟ್ಟುತ್ತದೆ. ಕಿರುತಟ್ಟೆಗಳು ಆ ಕೆಲಸ ಮಾಡಲು ಸಮಯ ಬೇಕು, ಆ ಸಮಯವನ್ನು ಒದಗಿಸುವುದು ನಮ್ಮ ಒತ್ತಡ. ಮಧ್ಯೆ ಮಧ್ಯೆ ಬಟ್ಟೆ ಎತ್ತಿ ನೋಡಿದರೆ ಕಟ್ಟುತ್ತಿರುವ ಹೆಪ್ಪು ಕಿತ್ತುಹೋಗುತ್ತದೆ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಟ್ಟು ಒತ್ತಬೇಕು. ಗಾಯದಲ್ಲಿ ಗಾಜು ಅಥವಾ ಕಬ್ಬಿಣ ನೆಟ್ಟಿದ್ದರೆ ಕೀಳಬಾರದು, ಅದರ ಅಕ್ಕಪಕ್ಕದಲ್ಲಿ ಒತ್ತಬೇಕು. ಹತ್ತಿಯ ಎಳೆಗಳು ಗಾಯಕ್ಕೆ ಅಂಟಿಕೊಳ್ಳುವುದರಿಂದ ಗಾಜ್ ಬಟ್ಟೆ ಮೇಲು. ಬೇರೆಯವರ ರಕ್ತ ಮುಟ್ಟುವ ಮೊದಲು ಕೈಗವಸು ಹಾಕಬೇಕು. ಇಲ್ಲದಿದ್ದರೆ ಶುಚಿಯಾದ ಪ್ಲಾಸ್ಟಿಕ್ ಕವರ್ ಆದರೂ ಸಾಕು. ಗಾಜ್, ಉದ್ದನೆಯ ಬ್ಯಾಂಡೇಜ್ ಸುರುಳಿ, ಕೈಗವಸು ಈ ಮೂರೂ ಪಟ್ಟಿಗೆ ಸೇರಿದ್ದು ಮಕ್ಕಳ ಬಾಯಿಂದಲೇ.

ಚಟುವಟಿಕೆ 2: ತ್ರಿಕೋನವನ್ನು ಎಷ್ಟು ದೂರ ಇಡಬೇಕು? ಕುಣಿಗಲ್ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ಕೆಟ್ಟು ನಿಂತ ವಾಹನಗಳ ಹಿಂದೆ ಕಲ್ಲು, ಸೊಪ್ಪು ಇಟ್ಟಿರುವುದನ್ನು ಎಲ್ಲ ಮಕ್ಕಳೂ ನೋಡಿದ್ದರು. “ಎಷ್ಟು ದೂರದಲ್ಲಿ ಇಟ್ಟಿರುತ್ತಾರೆ?” ಎಂದು ಕೇಳಿದ್ದಕ್ಕೆ ಒಬ್ಬ ಐದು ಹೆಜ್ಜೆ ನಡೆದು ತೋರಿಸಿದ. ಈಗ ಲೆಕ್ಕ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀ. ಚಾಲಕ ಕಂಡು, ಬ್ರೇಕ್ ಮೇಲೆ ಕಾಲಿಡಲು 1 ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 22 ಮೀ. ಕಳೆಯಿತು. ಬ್ರೇಕಿನ ಋಣ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 5 ಮೀ. ಎಂದು ಇಟ್ಟುಕೊಂಡು ಚಲನೆಯ ಮೂರನೆಯ ಸಮೀಕರಣ ಬಳಸಿದರೆ ಇನ್ನೂ ಸುಮಾರು 49 ಮೀ. ಒಟ್ಟು 71 ಮೀ. ಆಸುಪಾಸು. ಕಪ್ಪು ಹಲಗೆಯ ಮೇಲೆ ಈ ಸಂಖ್ಯೆ ಬಂದಾಗ ಐದು ಹೆಜ್ಜೆ ತೋರಿಸಿದ್ದ ಹುಡುಗ ತಾನೇ, “ಹಂಗಾದ್ರೆ ಕಲ್ಲು ಇಟ್ಟೂ ಪ್ರಯೋಜನ ಇಲ್ಲ ಮಿಸ್” ಎಂದ.

ಮೈದಾನಕ್ಕೆ ಹೋಗಿ 50 ಮೀ. ನಡೆದೆವು, ಮಕ್ಕಳ ಹೆಜ್ಜೆಯಲ್ಲಿ ಸುಮಾರು 70. ತ್ರಿಕೋನವನ್ನು ಅಷ್ಟು ಹಿಂದೆ ಇಟ್ಟರೆ, ಬರುವ ಚಾಲಕನಿಗೆ ಅದು ಇನ್ನೂ ದೂರದಿಂದಲೇ ಕಾಣುತ್ತದೆ, ನಿಲ್ಲಿಸಲು ಜಾಗ ಸಿಗುತ್ತದೆ. ತಿರುವಿನಲ್ಲಿ ಕೆಟ್ಟು ನಿಂತರೆ ತಿರುವಿಗೂ ಮೊದಲೇ ಇಡಬೇಕು. ಬಳಿಕ ಕೋಣೆಯ ಕಿಟಕಿ ಮುಚ್ಚಿ, ಸೈಕಲ್ಲಿನ ಹಿಂಬದಿಯ ಕೆಂಪು ಪ್ರತಿಫಲಕದ ಮೇಲೆ ಟಾರ್ಚ್ ಬಿಟ್ಟೆವು. ಟಾರ್ಚ್ ಹಿಡಿದವನಿಗೆ ಅದು ಉರಿಯುವಂತೆ ಕಂಡಿತು, ಪಕ್ಕದ ಗೋಡೆಗೆ ಒರಗಿ ನಿಂತವನಿಗೆ ಮಂಕಾಗಿ ಕಂಡಿತು. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಈ ಗುಣದಿಂದಲೇ ತ್ರಿಕೋನ ಹೆಡ್‌ಲೈಟಿನ ಹಿಂದೆ ಕುಳಿತ ಚಾಲಕನ ಕಣ್ಣಿಗೆ ಬೀಳುತ್ತದೆ. ಕಲ್ಲಿಗೆ ಆ ಗುಣವಿಲ್ಲ. ತ್ರಿಕೋನ ಇಡಲು ಹೋಗುವವರು ರಸ್ತೆಯ ಅಂಚಿನಲ್ಲೇ ನಡೆಯಬೇಕು, ಉಳಿದವರು ಕಾರಿನೊಳಗೆ ಕೂರದೆ ರಸ್ತೆಯಿಂದ ಆಚೆ ನಿಲ್ಲಬೇಕು ಎಂಬುದನ್ನೂ ಸೇರಿಸಿದೆ.

ಚಟುವಟಿಕೆ 3: ಕೈಗೆ ಸಿಗುವ ಸಮಯ. ಮೇಜಿನ ಕೆಳಗೆ ಪೆಟ್ಟಿಗೆ ಇಟ್ಟು, ಮೇಲೆ ಹತ್ತು ಶಾಲಾ ಚೀಲ ಪೇರಿಸಿದೆ. ಗಾಜ್ ಬಟ್ಟೆ ಹೊರತೆಗೆಯಲು ಮೊದಲ ಗುಂಪಿಗೆ 1 ನಿಮಿಷ 50 ಸೆಕೆಂಡ್ ಹಿಡಿಯಿತು. ಪೆಟ್ಟಿಗೆಯನ್ನು ಕುರ್ಚಿಯ ಹಿಂದೆ, ಗಾಜ್ ಮತ್ತು ಕೈಗವಸನ್ನು ಎಲ್ಲಕ್ಕಿಂತ ಮೇಲೆ ಇಟ್ಟಾಗ 12 ಸೆಕೆಂಡ್. ಹೆಬ್ಬೂರಿನ ರಾತ್ರಿಯ ಕಥೆಯನ್ನು ನಾನು ಹೇಳಿದ್ದು ಆಗಲೇ. ಆರಂಭದಲ್ಲೇ ಹೇಳಿದ್ದರೆ ಅದು ಬರೀ ಕಥೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಮಕ್ಕಳು ಕಟ್ಟಿದ ಪಟ್ಟಿ

ಕೊನೆಗೆ ಪಟ್ಟಿ ಹಲಗೆಯ ಮೇಲೆ ಜಾಗವಾರು ಮೂಡಿತು.

ಸೀಟಿನಿಂದ ಕೈಚಾಚಿದರೆ ಸಿಗಬೇಕಾದವು: ಗಾಜ್, ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಕೈಗವಸು, ಟಾರ್ಚ್, ಫೋನ್ ಚಾರ್ಜ್ ಮಾಡುವ ವೈರ್, ಮನೆಯವರ ಫೋನ್ ನಂಬರು, ರಕ್ತದ ಗುಂಪು, ಯಾರಿಗಾದರೂ ಕಾಯಿಲೆ ಇದ್ದರೆ ಅದರ ವಿವರ ಬರೆದ ಚೀಟಿ.

ಡಿಕ್ಕಿಯಲ್ಲಿ, ಆದರೆ ಸಾಮಾನಿನ ಅಡಿಯಲ್ಲಲ್ಲದೆ, ಇರಬೇಕಾದವು: ತ್ರಿಕೋನ, ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ಮೆತ್ತನೆಯ ನೆಲದಲ್ಲಿ ಜಾಕ್ ಹೂತುಹೋಗದಂತೆ ಅಡಿಗಿಡಲು ಮರದ ಹಲಗೆ, ಗಾಲಿಗೆ ಅಡ್ಡ ಕೊಡಲು ಮರದ ತುಂಡು, ಎಳೆಯುವ ಹಗ್ಗ, ಬ್ಯಾಟರಿ ಜಂಪರ್ ಕೇಬಲ್, ಕುಡಿಯುವ ನೀರು.

ಇಡಬಾರದವು: ವೈದ್ಯರು ಹೇಳದ ಮಾತ್ರೆಗಳು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಕಾವಿಗೆ ಔಷಧ ಕೆಡುತ್ತದೆ. ಆಸ್ತಮಾದ ಇನ್‌ಹೇಲರ್‌ನಂಥ ಸ್ವಂತ ಔಷಧವನ್ನು ಕೈಚೀಲದಲ್ಲಿ ಒಯ್ಯಬೇಕು. ಟಾರ್ಚಿನ ಸೆಲ್ಲನ್ನು ಟಾರ್ಚಿನೊಳಗೇ ತಿಂಗಳುಗಟ್ಟಲೆ ಬಿಡದೆ ಪಕ್ಕದಲ್ಲಿ ಕಟ್ಟಿಡಬೇಕು.

ಪರಿಶೀಲನೆಗೆ ಒಂದು ದಿನ ಗೊತ್ತುಮಾಡಿ ಎಂದೆ. ಯುಗಾದಿ ಮತ್ತು ಆಯುಧಪೂಜೆ ಎಂದರು ಮಕ್ಕಳು. ಆಯುಧಪೂಜೆಗೆ ಹೇಗೂ ಗಾಡಿ ತೊಳೆದು ಡಿಕ್ಕಿ ಖಾಲಿ ಮಾಡುತ್ತಾರಲ್ಲ! ಇದು ನನಗೆ ಹೊಳೆದಿರಲಿಲ್ಲ.

ಪೊಲೀಸ್ ಕೇಸಿನ ಭಯ

ಗುಬ್ಬಿಯ ಹುಡುಗಿಯ ಪ್ರಶ್ನೆಗೆ ಈ ಸಲ ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಉತ್ತರದ ಒಂದು ತುದಿ ಗುಬ್ಬಿಯಲ್ಲೇ ಇತ್ತು. 2016ರ ಫೆಬ್ರವರಿಯಲ್ಲಿ ಗುಬ್ಬಿ ಕಡೆಯ ಯುವಕ ಹರೀಶ್ ನಂಜಪ್ಪ ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಮರಳುವಾಗ ನೆಲಮಂಗಲದ ಬಳಿ ಲಾರಿಯ ಅಪಘಾತಕ್ಕೆ ಸಿಕ್ಕಿದರು. ಬದುಕುವುದಿಲ್ಲವೆಂದು ತಿಳಿದಿದ್ದ ಆ ಸ್ಥಿತಿಯಲ್ಲೂ ತಮ್ಮ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಯನ್ನು ಆರಂಭಿಸಿತು. ರಸ್ತೆ ಅಪಘಾತಕ್ಕೆ ಒಳಗಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುವುದು ಅದರ ಉದ್ದೇಶವಾಗಿತ್ತು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರನ್ನು ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯಿಂದ ರಕ್ಷಿಸುತ್ತದೆ. ನೆರವಾದವರು ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಇಷ್ಟು ತಿಳಿದ ಮೇಲೆ ಮಕ್ಕಳು ಕ್ರಮವನ್ನು ತಾವೇ ಜೋಡಿಸಿದರು: ಮೊದಲು ತಮ್ಮ ಸುರಕ್ಷತೆ, ನಂತರ 108 ಅಥವಾ 112ಕ್ಕೆ ಕರೆ, ನಂತರ ಒತ್ತಿ ಹಿಡಿಯುವುದು. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು, ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಕರೆ ಮಾಡುವಾಗ ‘ಎಲ್ಲಿ’ ಎಂಬುದನ್ನು ಹೇಳಲು ಹೆದ್ದಾರಿಯ ಕಿಲೋಮೀಟರ್ ಕಲ್ಲನ್ನು ನೋಡುವ ಅಭ್ಯಾಸವನ್ನೂ ಮಾಡಿಸಿದೆ.

ಮೌಲ್ಯಮಾಪನ ಮತ್ತು ಮಿತಿಗಳು

ಈ ಬಾರಿ ಬರವಣಿಗೆಯ ಪರೀಕ್ಷೆ ಇಡಲಿಲ್ಲ. ಚೀಟಿ ಎತ್ತಿ, ಅದರಲ್ಲಿದ್ದ ಸಂದರ್ಭವನ್ನು ಮಾಡಿ ತೋರಿಸಬೇಕಿತ್ತು. ಆರು ಗುಂಪುಗಳಲ್ಲಿ ಐದು, ಮೊದಲು ಒತ್ತಿ ಹಿಡಿದವು. ಒಂದು ಗುಂಪು ಇಲ್ಲಿಯೂ ಔಷಧದ ಬಾಟಲಿಯನ್ನೇ ಹುಡುಕಿತು. ಅವಧಿ 40 ನಿಮಿಷದ್ದು, ನಾನು 55 ತೆಗೆದುಕೊಂಡೆ. ಮುಂದಿನ ಅವಧಿಯ ಶಿಕ್ಷಕರು ಸಹಕರಿಸಿದ್ದರಿಂದ ಮುಗಿಯಿತು. ಇದನ್ನು ಎರಡು ಅವಧಿಗಳಿಗೆ ಹಂಚುವುದು ಒಳ್ಳೆಯದು. ಗೊಂಬೆಯಿಲ್ಲದೆ, ತರಬೇತಿಯಿಲ್ಲದೆ ಎದೆ ಒತ್ತುವ ಪುನಶ್ಚೇತನ ಕ್ರಿಯೆಯನ್ನು ಕಲಿಸಲು ನಾನು ಹೋಗಲಿಲ್ಲ. ಸಹಪಾಠಿಗಳೂ ತರಬೇತಿ ಪಡೆಯದೆ ಅದನ್ನು ಪಾಠದಲ್ಲಿ ಸೇರಿಸದಿರುವುದು ಮೇಲು.

ಬೋಧನಾಭ್ಯಾಸದ ಕೊನೆಯ ದಿನ ಅನುಮತಿ ಪಡೆದು ಗುಬ್ಬಿಯ ಶಾಲೆಗೆ ಮತ್ತೆ ಹೋದೆ. ಬಾಟಲಿಯ ಚಟುವಟಿಕೆಯನ್ನು ಅಂದು ತಡಕಾಡಿದ್ದ ಹುಡುಗಿಯ ಕೈಯಿಂದಲೇ ಮಾಡಿಸಿದೆ. ಗೂಡ್ಸ್ ಆಟೋದ ಹುಡುಗನನ್ನು ಕರೆದು, “ಅವತ್ತು ನಿನ್ನ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನೀನೇ ಹೇಳು, ಎಲ್ಲಿಡಬಹುದು?” ಎಂದೆ. ಅಪ್ಪನ ಸೀಟಿನ ಹಿಂದೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ, ರಬ್ಬರ್ ಪಟ್ಟಿಯಿಂದ ಕಟ್ಟಿ ಎಂದ. ನಂತರ ನನ್ನ ಪಟ್ಟಿಯನ್ನು ಓದಿ, “ಇದರಲ್ಲಿ ಗೋಣಿಚೀಲ ಇಲ್ಲ ಮಿಸ್” ಎಂದ. ಕೆಸರಿನಲ್ಲಿ ಗಾಲಿ ಸುತ್ತಿದರೆ ಅಡಿಗೆ ಹಾಕಲು, ಟೈರ್ ಬದಲಿಸುವಾಗ ಮಂಡಿಯೂರಲು, ರಾತ್ರಿ ಚಳಿಯಾದರೆ ಹೊದೆಯಲೂ ಅವರಪ್ಪ ಅದನ್ನು ಇಟ್ಟಿರುತ್ತಾರಂತೆ. ನನ್ನ ಪಾಠಯೋಜನೆಯ ಪ್ರತಿಯಲ್ಲಿ, ಡಿಕ್ಕಿಯ ಪಟ್ಟಿಯ ಕೊನೆಗೆ, ಗೋಣಿಚೀಲ ಎಂದು ಪೆನ್ನಿನಲ್ಲಿ ಸೇರಿಸಿಕೊಂಡಿದ್ದೇನೆ.