ಘಟ್ಟದ ಬುಡದ ಉದ್ರಿ ಪುಸ್ತಕ

ಕಲ್ಯಾಣದಿಂದ ಮುರ್ಬಾಡ್, ಟೋಕಾವಡೆ ಹಾದು ಮಾಳ್ಶೇಜ್ ಘಾಟಿ ಹತ್ತುವ ಹೆದ್ದಾರಿಯಲ್ಲಿ ವೈಶಾಖರೆ ಕಳೆದ ಮೇಲೆ ಅಂಗಡಿ ಇಟ್ಟವನಿಗೆ ವರ್ಷಕ್ಕೆ ಎರಡೇ ಕಾಲ. ಒಂದು ಮಳೆಗೆ ಸಿದ್ಧವಾಗುವ ಕಾಲ, ಇನ್ನೊಂದು ಮಳೆಗಾಲ. ಡೊಂಬಿವ್ಲಿಯಲ್ಲಿ ಮನೆ ಮಾಡಿಕೊಂಡು, ಆ ಘಟ್ಟದ ಬುಡದಲ್ಲಿ ಕಿರಾಣಿ ಮತ್ತು ಚಹಾದಂಗಡಿ ನಡೆಸಿದವನು ನಾನು. ಮೇ ಕೊನೆಗೆ ಅಲ್ಲಿಗೆ ಹೋದರೆ ದಸರಾದ ತನಕ ಹೆಚ್ಚುಕಡಿಮೆ ಅಲ್ಲೇ ವಾಸ.

ಆ ದಾರಿ ವ್ಯಾಪಾರಕ್ಕೆ ಹೊಸತಲ್ಲ. ವೈಶಾಖರೆಯ ಪಕ್ಕದಿಂದಲೇ ನಾಣೇಘಾಟ್ ಹತ್ತಬೇಕು. ಎರಡು ಸಾವಿರ ವರ್ಷಗಳ ಹಿಂದೆ ಸಾತವಾಹನರ ಕಾಲದಲ್ಲಿ ಸೋಪಾರಾ, ಕಲ್ಯಾಣ ಬಂದರುಗಳ ಸರಕು ಜುನ್ನರಿಗೆ ಏರುತ್ತಿದ್ದ ಕಣಿವೆ ಅದು. ಸುಂಕ ಹಾಕಿಸಿಕೊಳ್ಳಲು ಬಳಸುತ್ತಿದ್ದರೆಂದು ಹೇಳುವ ಕಲ್ಲಿನ ಹಂಡೆ ಇಂದಿಗೂ ಮೇಲೆ ಇದೆ. ಅಷ್ಟು ಹಳೆಯ ದಾರಿಯಾದರೂ ಆಷಾಢ ಬಂದರೆ ಅದರದ್ದೇ ಕಾನೂನು. ರಾಯತೆಯಲ್ಲಿ ಉಲ್ಹಾಸ್ ನದಿ ಸೇತುವೆಗೆ ಬಂದರೆ ಕಲ್ಯಾಣದ ಕಡೆ ಬಂದ್. ಘಾಟಿಯಲ್ಲಿ ಗುಡ್ಡ ಜರಿದರೆ ಓತೂರಿನ ಕಡೆ ಬಂದ್. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ಕಲ್ಯಾಣ, ಬದ್ಲಾಪುರ ಮುಳುಗಿದಾಗ ನಮ್ಮ ಕಡೆಗೆ ಒಂದು ಟೆಂಪೋ ಕೂಡ ಬರಲಿಲ್ಲ. ಕಪಾಟಿನಲ್ಲಿ ಇದ್ದದ್ದೇ ಸುತ್ತಲಿನ ಪಾಡೆಗಳ, ಅಂದರೆ ಆದಿವಾಸಿ ಕೇರಿಗಳ ಊಟ.

ನಾನು ಕುಂದಾಪುರದ ಕಡೆಯವನು, ಮಳೆ ಕಂಡು ಹೆದರುವವನಲ್ಲ. ಆದರೆ ನಮ್ಮಲ್ಲಿ ಮಳೆಗಾಲದ ದಾಸ್ತಾನು ಮನೆಯೊಳಗಿತ್ತು. ಹಪ್ಪಳ, ಒಣಮೀನು, ಹಲಸಿನ ಬೀಜ, ಮಿಡಿ ಉಪ್ಪಿನಕಾಯಿ ಎಲ್ಲ ಅಮ್ಮ ಮೇ ತಿಂಗಳಲ್ಲೇ ಮಾಡಿಡುತ್ತಿದ್ದರು. ಘಟ್ಟದ ಬುಡದ ಕಾತ್ಕರಿ ಆದಿವಾಸಿಗಳ ಗುಡಿಸಲಲ್ಲಿ ಮೇ ತಿಂಗಳಲ್ಲಿ ಕೈಯಲ್ಲಿ ಹಣವೂ ಇಲ್ಲ, ಸರಕಿಡಲು ನೆನೆಯದ ಮೂಲೆಯೂ ಇಲ್ಲ. ಅಲ್ಲಿನ ಬೇರೆ ಬುಡಕಟ್ಟುಗಳಾದ ಠಾಕರರಿಗೆ, ಮಹಾದೇವ ಕೋಳಿಗಳಿಗೆ ತುಂಡು ಗದ್ದೆಯಾದರೂ ಇರುತ್ತದೆ. ಕಾತ್ಕರಿಗಳಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ. ಹಾಗಾಗಿ ಊರಿನ ಅಟ್ಟ ನನ್ನ ಅಂಗಡಿಯೇ.

ಜೂನ್ 7ಕ್ಕೆ ಮೃಗಶಿರ ಹಿಡಿಯುವ ಮೊದಲು ಸರಕು ಸೇರಲೇಬೇಕು. ಬೇಳೆ, ಮಸಾಲೆಗೆ ವಾಶಿಯ ಎಪಿಎಂಸಿ. ಅಕ್ಕಿ, ಎಣ್ಣೆ, ಒಣ ಬೊಂಬಿಲ್ ಮೀನಿಗೆ ಕಲ್ಯಾಣ. ಕಲ್ಲುಪ್ಪು ನೀರೊಡೆಯುತ್ತದೆ, ಅದರ ಚೀಲಗಳನ್ನು ಹಲಗೆಯ ಮೇಲೆ, ಕೆಳಗೆ ಭತ್ತದ ಹೊಟ್ಟು ಹಾಸಿ, ಗೋಡೆಗೆ ತಾಗದಂತೆ ಇಡಬೇಕು. ಬೆಂಕಿಪೊಟ್ಟಣ ಮುಚ್ಚಳ ಬಿಗಿಯಾದ ಬಿಸ್ಕತ್ ಡಬ್ಬಿಯಲ್ಲೇ ಇರಬೇಕು. ಒದ್ದೆ ಬೆಂಕಿಕಡ್ಡಿ ಕೊಟ್ಟರೆ ಒಂದು ಮನೆಯ ಒಲೆ ಹೊತ್ತುವುದಿಲ್ಲ, ಅಕ್ಕಿ ಇದ್ದೂ ಉಪವಾಸ. ಬೆಲ್ಲ ಕರಗುತ್ತದೆ, ಕಡಿಮೆ ತರಬೇಕು. ತಾಡಪತ್ರಿಯನ್ನು ಏಪ್ರಿಲ್‌ನಲ್ಲೇ ಕೊಳ್ಳಬೇಕು, ಜೂನ್ ಬಂತೆಂದರೆ ಅದರ ದರ ಕೇಳುವಂತಿಲ್ಲ. ಮೇಣದಬತ್ತಿ, ಟಾರ್ಚಿನ ಸೆಲ್, ಒಆರ್‌ಎಸ್ ಪುಡಿ ಲಾಭ ನೋಡಿ ಇಡುವ ವಸ್ತುಗಳಲ್ಲ.

ನಗದು ಬರುತ್ತಿದ್ದದ್ದು ಶನಿವಾರ, ಭಾನುವಾರ. ಠಾಣೆ, ಡೊಂಬಿವ್ಲಿ, ನವಿ ಮುಂಬೈಯಿಂದ ಜಲಪಾತ ನೋಡಲು ಬರುವವರು ಕಾಂದಾಭಜಿ, ಚಹಾ, ಸುಟ್ಟ ಮುಸುಕಿನ ಜೋಳಕ್ಕೆ ಕೊಟ್ಟ ಹಣದಿಂದಲೇ ವಾರದ ಉಳಿದ ದಿನಗಳ ಉದ್ರಿ ನಡೆಯುತ್ತಿತ್ತು. ಅವರಿಗೆ ಇದು ಗೊತ್ತಿರಲಿಲ್ಲ.

ಉದ್ರಿಯ ವಿಷಯಕ್ಕೇ ಬರುತ್ತೇನೆ, ನಾನು ಕಲಿತದ್ದೆಲ್ಲ ಅಲ್ಲಿಯೇ. ಮೊದಲ ಮಳೆಗೆ ಹೆಂಗಸರು ಶೇವಳಾ ಎಂಬ ಕಾಡು ತರಕಾರಿ, ಚಗಟೆ ಸೊಪ್ಪು, ಹಳ್ಳದ ಏಡಿ ತಂದು ಉಪ್ಪು, ಅಕ್ಕಿ ಒಯ್ಯುತ್ತಾರೆ. ಜುಲೈಯಲ್ಲಿ ನಾಟಿಯ ಕೂಲಿ ಸಿಗುತ್ತದೆ. ನಾಟಿ ಮುಗಿದು ಕೊಯ್ಲು ಹತ್ತುವವರೆಗಿನ ಶ್ರಾವಣ, ಭಾದ್ರಪದಗಳಲ್ಲಿ ಮಾತ್ರ ಏನೂ ಇಲ್ಲ, ಎಲ್ಲವೂ ಪುಸ್ತಕದಲ್ಲಿ. ಒಬ್ಬ ಕಾತ್ಕರಿ ಆಜಿ ಬಂದು, "ಶೇಟ್, ನಿನ್ನ ಹತ್ತಿರ ಇರುವಂಥದ್ದೇ ಪುಸ್ತಕ ನನಗೂ ಒಂದು ಬೇಕು. ನೀನು ಬರೆದದ್ದನ್ನು ಅದರಲ್ಲೂ ಬರಿ. ಮೊಮ್ಮಗಳು ಆಶ್ರಮಶಾಲೆಯಿಂದ ಬಂದಾಗ ಓದಿ ಹೇಳುತ್ತಾಳೆ" ಅಂದಳು. ಅಂದಿನಿಂದ ಎಲ್ಲ ಮನೆಗೂ ಒಂದೊಂದು ಚಿಕ್ಕ ಪುಸ್ತಕ ಕೊಟ್ಟೆ. ಬರೆದ ಕೂಡಲೇ ಗಟ್ಟಿಯಾಗಿ ಓದಿ ಹೇಳುವುದು ನಿಯಮವಾಯಿತು. ಜಗಳವೆಂಬುದೇ ನಿಂತಿತು.

ಅದಕ್ಕಿಂತ ದೊಡ್ಡ ಪಾಠ ದಸರಾ ಕಳೆದ ಮೇಲೆ ಬರುತ್ತಿತ್ತು. ಇಟ್ಟಿಗೆ ಭಟ್ಟಿಗೆ ಕೂಲಿಗಳನ್ನು ಒಯ್ಯುವ ಮುಕಾದಮರು ಪಾಡೆಗಳಿಗೆ ಬಂದು ಮುಂಗಡ ಹಂಚುತ್ತಾರೆ. ಅದನ್ನು ಪಡೆದ ಕುಟುಂಬ ದೀಪಾವಳಿ ಮುಗಿಯುತ್ತಲೇ ಮಕ್ಕಳನ್ನೂ ಶಾಲೆಯಿಂದ ಬಿಡಿಸಿಕೊಂಡು ಭಿವಂಡಿ, ಕಲ್ಯಾಣದ ಸುತ್ತಿನ ಭಟ್ಟಿಗೆ ಹೋದರೆ ಮರಳುವುದು ಮುಂದಿನ ಮಳೆಗೆ. ಕೂಲಿಯಲ್ಲಿ ಮುಂಗಡ ತೀರದಿದ್ದರೆ ಅದೇ ಸಾಲ ಇನ್ನೊಂದು ವರ್ಷಕ್ಕೆ. ಜೀತ ನಿರ್ಮೂಲನ ಕಾನೂನು 1976ರಿಂದ ಇದೆ. ಆಗಿನ ಠಾಣೆ ಜಿಲ್ಲೆಯಲ್ಲೇ 1982ರಲ್ಲಿ ಶ್ರಮಜೀವಿ ಸಂಘಟನೆ ಹುಟ್ಟಿ ಅದರ ಜಾರಿಗೆ ಹೋರಾಡಿತು. ಆದರೂ ಮುಂಗಡ ಏಕೆ ಪಡೆಯುತ್ತಾರೆ ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರ ನೇರವಾಗಿತ್ತು: ದೀಪಾವಳಿಗೆ ಅಂಗಡಿಯ ಸಾಲ ತೀರಿಸಬೇಕಲ್ಲ. ಅಂಗಡಿಕಾರರು ಹೊಸ ಪುಸ್ತಕಕ್ಕೆ ಪೂಜೆ ಮಾಡುವ ಮೊದಲು ಹಳೆಯದನ್ನು ಚುಕ್ತಾ ಮಾಡಿಸುವ ಪದ್ಧತಿ ಬಹಳ ಕಡೆ ಇದೆ. ಘಟ್ಟದ ಬುಡದಲ್ಲಿ ಆ ಗಡುವೇ ಮನುಷ್ಯರನ್ನು ಭಟ್ಟಿಗೆ ನೂಕುತ್ತದೆ. ನಾನು ಗಡುವು ತೆಗೆದೆ. ಕೊಯ್ಲಿನ ಕೂಲಿ, ಚಳಿಗಾಲದ ಕಟ್ಟಿಗೆ, ಬೇಸಿಗೆಯ ಹಿಪ್ಪೆ, ಯಾವುದರಿಂದ ಎಷ್ಟು ಬಂದರೆ ಅಷ್ಟು. ಬಡ್ಡಿ ಇಲ್ಲ. ಭಟ್ಟಿಗೆ ಹೋಗುವವರು ಪೂರ್ತಿ ನಿಲ್ಲಲಿಲ್ಲ, ಕೆಲವು ಮನೆಗಳು ನಿಂತವು. ಆ ಮನೆಗಳ ಮಕ್ಕಳು ಶಾಲೆಯಲ್ಲಿ ಉಳಿದರು.

ಉದ್ರಿಯ ಈ ಕತೆ ನಮ್ಮ ಘಟ್ಟದ್ದೊಂದೇ ಅಲ್ಲ. 2025ರ ಜೂನ್‌ನಲ್ಲಿ ಕೆನಡಾದ ಹಡ್ಸನ್ಸ್ ಬೇ ಕಂಪನಿಯ ಕೊನೆಯ ಮಳಿಗೆಗಳು ಮುಚ್ಚಿದವೆಂದು ಓದಿದೆ. 1670ರಲ್ಲಿ ಶುರುವಾದ ಕಂಪನಿ ಅದು. ಅದರ ಉತ್ತರದ ವ್ಯಾಪಾರ ಠಾಣೆಗಳಲ್ಲಿ ಹಿಮ ಬೀಳುವ ಮೊದಲು ಅಲ್ಲಿನ ಮೂಲನಿವಾಸಿ ಬೇಟೆಗಾರರಿಗೆ ಮದ್ದುಗುಂಡು, ಕಂಬಳಿ, ಹಿಟ್ಟನ್ನು ಉದ್ರಿ ಕೊಟ್ಟು, ಚಳಿಗಾಲ ಕಳೆದ ಮೇಲೆ ತುಪ್ಪುಳದ ತೊಗಲುಗಳಲ್ಲಿ ವಸೂಲಿ ಮಾಡುತ್ತಿದ್ದರು. ಬೀವರ್ ತೊಗಲೇ ಲೆಕ್ಕದ ನಾಣ್ಯ. ಆ ಉದ್ರಿಯಿಂದ ಚಳಿಗಾಲ ದಾಟಿದ ಕುಟುಂಬಗಳೂ ಇದ್ದವು, ಅದರಿಂದಲೇ ಒಂದು ಠಾಣೆಗೆ ಕಟ್ಟುಬಿದ್ದ ಕುಟುಂಬಗಳೂ ಇದ್ದವು. ಹಿಮವೋ ಮಳೆಯೋ, ದಾರಿ ಮುಚ್ಚಿದ ಜಾಗದ ಅಂಗಡಿಯಲ್ಲಿ ಅಕ್ಕಿಗಿಂತ ದೊಡ್ಡ ಸರಕು ಸಾಲ ಎಂಬುದು ನನ್ನ ಅನುಭವಕ್ಕೆ ಪೂರ್ತಿ ಹೊಂದುತ್ತದೆ.

ನಮ್ಮ ಠಾಣೆ ಜಿಲ್ಲೆಯ ಶಹಾಪುರದಲ್ಲಿ ಕಾತ್ಕರಿ ಯುವಕರು ಕೇಂದ್ರದ ವನಧನ ಯೋಜನೆಯಡಿ ಅಮೃತಬಳ್ಳಿ ಸಂಗ್ರಹಿಸಿ ದೊಡ್ಡ ಔಷಧ ಕಂಪನಿಗಳಿಗೆ ನೇರವಾಗಿ ಮಾರಿದ್ದಾರೆ. ಅದು ನನ್ನ ಉದ್ರಿಗಿಂತ ಒಳ್ಳೆಯ ದಾರಿ. ಅದು ಎಲ್ಲ ಪಾಡೆಗಳಿಗೆ ತಲುಪುವ ತನಕ ಉದ್ರಿ ಬೇಕು.

ಮುಂಬೈ ಸುತ್ತ, ಘಟ್ಟಗಳ ಬುಡದಲ್ಲಿ ಹೋಟೆಲು, ಕಿರಾಣಿ ನಡೆಸುವ ನಮ್ಮೂರವರು ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ: ಮಳೆಗಾಲದ ಉದ್ರಿಗೆ ಬಡ್ಡಿ ಹಾಕಬೇಡಿ, ಬರೆದದ್ದರ ಪ್ರತಿ ಅವರ ಕೈಗೆ ಕೊಡಿ, ದೀಪಾವಳಿಯ ಲೆಕ್ಕವನ್ನು ಯುಗಾದಿಗೆ ಮುಂದೂಡಿ.